ಮೇನಕೆಯ ಕೈಯ ಕೂಸು

ವಿಕ್ಟೋರಿಯಾ ರಾಣಿಯ ಮುಖವನ್ನು ನಮ್ಮ ಕಡೆಯ ಹೆಂಗಸರು ಕಂಡದ್ದು ಚಿತ್ರಪಟದಲ್ಲಲ್ಲ, ಕೊರಳಲ್ಲಿ. ಅವಳ ಛಾಪಿನ ಬೆಳ್ಳಿ ರೂಪಾಯಿಗಳಿಗೆ ಕೊಂಡಿ ಬೆಸೆಸಿ, ದಾರಕ್ಕೆ ಪೋಣಿಸಿ, ಸರ ಮಾಡಿ ಹಾಕಿಕೊಳ್ಳುತ್ತಿದ್ದರು. ಸಂಡೂರಿನ ಸುತ್ತಿನ ತಾಂಡಾಗಳ ಲಂಬಾಣಿ ಹೆಂಗಸರು ಕನ್ನಡಿ ಚೂರುಗಳ ಜೊತೆಗೆ ನಾಣ್ಯಗಳನ್ನೂ ಉಡುಪಿಗೆ ಹೊಲಿದುಕೊಳ್ಳುತ್ತಿದ್ದರು. ಈ ರಾಣಿ ಯಾರು, ಎಲ್ಲಿಯವಳು ಎಂದು ಕೇಳುವ ಗೋಜಿಗೆ ಅವರಾರೂ ಹೋದಂತಿಲ್ಲ. ಬೆಳ್ಳಿ ಗಟ್ಟಿಯಾಗಿದ್ದರೆ ಸಾಕಿತ್ತು.

ಆ ರಾಣಿ 1837ರಲ್ಲಿ ಪಟ್ಟಕ್ಕೆ ಬಂದು 1901ರಲ್ಲಿ ತೀರಿಕೊಂಡಳು. ಅವಳ ಆಳ್ವಿಕೆಯಲ್ಲಿ ಇಂಗ್ಲೆಂಡಿನ ತುಂಬ ರೈಲು ಹಳಿಗಳು ಬಿದ್ದವು, ನೂಲಿನ ಗಿರಣಿಗಳು ಎದ್ದವು, ಊರಿಗೆ ಊರೇ ಕಲ್ಲಿದ್ದಲ ಹೊಗೆಯಲ್ಲಿ ಕಪ್ಪಾದವು. ವಿಚಿತ್ರವೆಂದರೆ ಅದೇ ವರ್ಷಗಳಲ್ಲಿ ಅಲ್ಲಿಯ ಚಿತ್ರಕಾರರು ಹೂವಿನ ಎಸಳ ಮೇಲೆ ಕುಳಿತ, ಚಿಟ್ಟೆಯ ರೆಕ್ಕೆಯ, ಹೆಬ್ಬೆರಳುದ್ದದ ಹೆಣ್ಣುಗಳನ್ನು ಬರೆಯತೊಡಗಿದರು. ಕಲೆಯ ಚರಿತ್ರೆ ಬರೆಯುವವರು ಇವಕ್ಕೆ ಫೇರಿ ಚಿತ್ರಗಳೆಂದು ಹೆಸರಿಟ್ಟು ಒಂದು ಅಧ್ಯಾಯವನ್ನೇ ಮಾಡಿದ್ದಾರೆ. ಅದೇ ರಾಣಿಯ ಕಾಲದ ಕೊನೆಗೆ ನಮ್ಮ ಮನೆಗಳ ಗೋಡೆಗೂ ಒಬ್ಬ ದೇವಲೋಕದ ಹೆಣ್ಣು ಬಂದಳು. ಅವಳಿಗೆ ರೆಕ್ಕೆ ಇರಲಿಲ್ಲ, ಕೈಯಲ್ಲಿ ಕೂಸಿತ್ತು. ಅಲ್ಲಿಯ ಚಿತ್ರ, ಇಲ್ಲಿಯ ಚಿತ್ರ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಬೇಕೆಂಬ ಆಸೆ ನನಗೆ ಬಹಳ ದಿನಗಳದ್ದು.

ಫೇರಿ ಎಂಬುದಕ್ಕೆ ಕನ್ನಡದಲ್ಲಿ ಸರಿಯಾಗಿ ಹೊಂದುವ ಮಾತಿಲ್ಲ. ಯಕ್ಷಿಣಿ ಎಂದರೆ ಮಾಟದ ವಾಸನೆ ಬರುತ್ತದೆ. ಕಿನ್ನರಿ ಎಂದರೆ ವಾದ್ಯವೇ ಮೊದಲು ನೆನಪಾಗುತ್ತದೆ. ಅಪ್ಸರೆ ಇಂದ್ರನ ಸಭೆಯ ನರ್ತಕಿ, ಆಳೆತ್ತರದ ಹೆಣ್ಣು, ಅವಳನ್ನು ಹೂವಿನ ಮೇಲೆ ಕೂರಿಸಿದರೆ ಹೂವಿನ ಗತಿಯೇನು? ನಮ್ಮ ಊರುಗಳಲ್ಲಿ ಮುಸ್ಲಿಮರ ಮನೆಯ ಅಜ್ಜಿಯರು ಹೇಳುವ ಕಥೆಗಳಲ್ಲಿ ಪರಿ ಬರುತ್ತಾಳೆ, ಅವಳಿಗೆ ರೆಕ್ಕೆಗಳುಂಟು. ಪರಿ, ಫೇರಿ ಎರಡೂ ಒಂದೇ ತಾಯಿಯ ಮಕ್ಕಳಂತೆ ಕೇಳಿಸುತ್ತವೆ, ಆದರೆ ನಂಟಿಲ್ಲವಂತೆ. ಒಂದು ಪಾರಸಿಯದು. ಇನ್ನೊಂದು ಹಣೆಬರಹವನ್ನು ಹೇಳುವ ಲ್ಯಾಟಿನ್ ಪದದಿಂದ ಫ್ರೆಂಚಿಗೆ ಬಂದು, ಅಲ್ಲಿಂದ ಇಂಗ್ಲಿಷಿಗೆ ಹೋದದ್ದು. ಹಾಗಾಗಿ ಇಲ್ಲಿ ಅವರನ್ನು ಫೇರಿ ಎಂದೇ ಕರೆಯುತ್ತೇನೆ. ಶಾಲೆಯ ವಾರ್ಷಿಕೋತ್ಸವಕ್ಕೆ ಮಗಳಿಗೆ ಜರಡಿ ಬಟ್ಟೆಯ ರೆಕ್ಕೆ ಬಾಡಿಗೆಗೆ ತಂದು ಕಟ್ಟಿದ ತಾಯಂದಿರಿಗೆ ಈ ಹೆಸರು ಹೊಸದೇನೂ ಅಲ್ಲ.

ಈ ಚಿತ್ರಗಳಿಗೆ ಮೂಲ ಹೆಚ್ಚಾಗಿ ಷೇಕ್ಸ್‌ಪಿಯರನ ನಾಟಕ, ಅದರಲ್ಲೂ 'ಎ ಮಿಡ್‌ಸಮರ್ ನೈಟ್ಸ್ ಡ್ರೀಮ್'. ನಮ್ಮ ಎಂ. ಎಲ್. ಶ್ರೀಕಂಠೇಶಗೌಡರು ಅದನ್ನು ಪ್ರಮೀಲೆ, ಅರ್ಜುನರಿಗೆ ಹೊಂದಿಸಿ 'ಪ್ರಮೀಲಾರ್ಜುನೀಯ' ಎಂದು ಕನ್ನಡಕ್ಕೆ ತಂದರು. ಮೂಲ ನಾಟಕದಲ್ಲಿ ಫೇರಿಗಳ ರಾಜ ಓಬೆರಾನ್, ರಾಣಿ ಟೈಟಾನಿಯಾ. ಇಬ್ಬರಿಗೂ ಜಗಳ. ಸ್ಕಾಟ್ಲೆಂಡಿನ ಜೋಸೆಫ್ ನೋಯೆಲ್ ಪೇಟನ್ ಈ ಜಗಳವನ್ನು 1849ರಲ್ಲಿ ದೊಡ್ಡ ಚಿತ್ರವಾಗಿ ಬರೆದ. ಎಡಿನ್‌ಬರೋದಲ್ಲಿರುವ ಆ ಚಿತ್ರದ ಮುಂದೆ ನಿಂತು, 'ಆಲಿಸ್' ಕಥೆಯನ್ನು ಬರೆದ ಲೂಯಿಸ್ ಕ್ಯಾರೊಲ್ ಫೇರಿಗಳನ್ನು ಒಂದೊಂದಾಗಿ ಎಣಿಸಿದನಂತೆ, ಒಟ್ಟು 165. ಬೇರಿನ ಸಂದಿಯಲ್ಲಿ, ಎಲೆಯ ಅಡಿಯಲ್ಲಿ, ಜೇಡರ ಬಲೆಯಲ್ಲಿ ಎಲ್ಲಿ ನೋಡಿದರಲ್ಲಿ ಫೇರಿ. ಬಹುಪಾಲು ಬೆತ್ತಲೆ. ಹೆಣ್ಣಿನ ಕಾಲ ಗಂಟು ಕಂಡರೂ ಮುಖ ಸಿಂಡರಿಸುತ್ತಿದ್ದ ಮಡಿವಂತ ಸಮಾಜ ಅದು. ಆದರೆ ಹೆಣ್ಣನ್ನು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು ಮಾಡಿ, ಬೆನ್ನಿಗೆ ರೆಕ್ಕೆ ಅಂಟಿಸಿದ ಕೂಡಲೇ ಮಡಿಗೆ ಮೈಲಿಗೆ ತಗುಲಲಿಲ್ಲ. ಸಂಸಾರವಂದಿಗರು ಮಕ್ಕಳನ್ನು ಕರೆದುಕೊಂಡು ಬಂದು ನೋಡಿದರು. ಕಲಾವಿಮರ್ಶಕರು ಇದಕ್ಕೆ ದೊಡ್ಡ ದೊಡ್ಡ ವಿವರಣೆಗಳನ್ನು ಕೊಡುತ್ತಾರೆ. ನನಗಂತೂ ಇಷ್ಟೇ ಸಾಕೆನಿಸುತ್ತದೆ.

ಎಲ್ಲರೂ ಹಾಗೆ ಬರೆದರು ಎನ್ನಲಾಗದು. ರಿಚರ್ಡ್ ಡ್ಯಾಡ್ ಎಂಬವನಿದ್ದ. ಒಳ್ಳೆಯ ಹೆಸರು ಮಾಡುತ್ತಿದ್ದ ಹುಡುಗ. 1842ರಲ್ಲಿ ಒಬ್ಬ ಶ್ರೀಮಂತರ ಜೊತೆ ಈಜಿಪ್ಟಿನವರೆಗೂ ಪ್ರವಾಸ ಹೋದ. ಮರಳುವ ಹೊತ್ತಿಗೆ ತಲೆ ಕೆಟ್ಟಿತ್ತು. 1843ರಲ್ಲಿ ತನ್ನ ತಂದೆಯನ್ನೇ ಕೊಂದ. ಉಳಿದ ಬದುಕೆಲ್ಲ ಹುಚ್ಚಾಸ್ಪತ್ರೆಯ ಗೋಡೆಗಳ ಒಳಗೇ ಕಳೆದು 1886ರಲ್ಲಿ ಸತ್ತ. ಅಲ್ಲೇ ಕುಳಿತು, ಅಲ್ಲಿಯ ಒಬ್ಬ ಅಧಿಕಾರಿಗಾಗಿ ಒಂದು ಫೇರಿ ಚಿತ್ರವನ್ನು 1855ರಿಂದ 1864ರವರೆಗೆ, ಸುಮಾರು 9 ವರ್ಷ ಬರೆದ. ಚಿತ್ರದ ಎತ್ತರ ಒಂದು ಮೊಳಕ್ಕಿಂತ ತುಸು ಹೆಚ್ಚು, ಅಷ್ಟೆ. ಒಬ್ಬ ಕಟ್ಟಿಗೆ ಕಡಿಯುವವ ಕೊಡಲಿ ಎತ್ತಿ ನಿಂತಿದ್ದಾನೆ. ಅವನ ಮುಂದೆ ಒಂದು ಕಾಯಿ. ಅದನ್ನು ಒಂದೇ ಏಟಿಗೆ ಸೀಳಿದರೆ ಫೇರಿಗಳ ರಾಣಿಗೆ ರಥವಾಗುತ್ತದೆ. ಸುತ್ತಲೂ ಫೇರಿಗಳು ಉಸಿರು ಬಿಗಿಹಿಡಿದು ಕಾಯುತ್ತಿದ್ದಾರೆ. ಚಿತ್ರದ ಒಂದು ಭಾಗ ಕೊನೆಗೂ ಮುಗಿಯಲಿಲ್ಲ, ಅವನನ್ನು ಬೇರೆ ಆಸ್ಪತ್ರೆಗೆ ಸಾಗಿಸಿದರು. ಈ ಚಿತ್ರದ ಅಚ್ಚನ್ನು ನಾನು ಪುಸ್ತಕವೊಂದರಲ್ಲಿ ನೋಡಿದ್ದೇನೆ. ಅಲ್ಲಿಯ ಫೇರಿಗಳು ಮುದ್ದಾಗಿಲ್ಲ. ಸಂತೆಯಲ್ಲಿ ನಿಂತ ಜನರಂತೆ ಇದ್ದಾರೆ, ಪ್ರತಿಯೊಬ್ಬರಿಗೂ ಅವರವರ ಚಿಂತೆ.

ರೆಕ್ಕೆಯ ಬೆಲೆಯನ್ನು ಮಾತ್ರ ಚಿತ್ರಕಾರರು ಕೊಡಲಿಲ್ಲ. ಚಿತ್ರಗಳಲ್ಲಿದ್ದ ಫೇರಿಗಳು ರಂಗಭೂಮಿಯಲ್ಲೂ ಇದ್ದರು. ಹತ್ತಿಯ ತೆಳು ಬಟ್ಟೆಯನ್ನು ಪದರ ಪದರವಾಗಿ ಉಟ್ಟು, ತಂತಿಗೆ ನೇತುಬಿದ್ದು ಹಾರಾಡುತ್ತಿದ್ದವರು ಬಡವರ ಮನೆಯ ಹುಡುಗಿಯರು. ರಂಗಕ್ಕೆಲ್ಲ ಗ್ಯಾಸಿನ ದೀಪ, ಎಣ್ಣೆಯ ದೀಪ. 1844ರ ಡಿಸೆಂಬರಿನಲ್ಲಿ ಲಂಡನ್ನಿನ ಡ್ರೂರಿ ಲೇನ್ ನಾಟಕಶಾಲೆಯಲ್ಲಿ ಕ್ಲಾರಾ ವೆಬ್‌ಸ್ಟರ್ ಎಂಬ ನರ್ತಕಿಯ ಬಟ್ಟೆಗೆ ದೀಪ ತಾಗಿತು. ಜನ ನೋಡುತ್ತಿದ್ದಂತೆಯೇ ಬೆಂಕಿ ಹತ್ತಿ, ಕೆಲವೇ ದಿನಗಳಲ್ಲಿ ತೀರಿಕೊಂಡಳು. ಅಂದು ಅವಳದು ಫೇರಿಯ ಪಾತ್ರವಲ್ಲ, ಜನಾನದ ಹೆಣ್ಣಿನ ಪಾತ್ರ. ಬಟ್ಟೆ ಮಾತ್ರ ಅದೇ ಬಟ್ಟೆ.

ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಪೇಟೆಯವರಿಗೆ ಫೇರಿ ಚಿತ್ರವಾಗಿದ್ದಾಗ ಐರ್ಲೆಂಡಿನ ಹಳ್ಳಿಗಳಲ್ಲಿ ಅದು ಇನ್ನೂ ನಂಬಿಕೆಯಾಗಿತ್ತು. ಫೇರಿಗಳು ಮನುಷ್ಯರನ್ನು, ಹೆಚ್ಚಾಗಿ ಎಳೆಗೂಸುಗಳನ್ನೂ ಹರೆಯದ ಹೆಂಗಸರನ್ನೂ ಕದ್ದು, ಅವರ ಜಾಗದಲ್ಲಿ ತಮ್ಮವರನ್ನು ಇಟ್ಟು ಹೋಗುತ್ತಾರೆ ಎಂದು ನಂಬುತ್ತಿದ್ದರು. ಕೂಸು ಸೊರಗಿದರೆ ಅದು ನಮ್ಮ ಕೂಸಲ್ಲ. ಹೆಂಡತಿ ಕಾಯಿಲೆ ಬಿದ್ದು ಮಂಕಾದರೆ ಅವಳು ನಮ್ಮವಳಲ್ಲ. 1895ರ ಮಾರ್ಚಿನಲ್ಲಿ ಟಿಪ್ಪರರಿ ಸೀಮೆಯ ಬ್ರಿಜೆಟ್ ಕ್ಲಿಯರಿ ಜ್ವರ ಬಂದು ಮಲಗಿದಳು. ಬಟ್ಟೆ ಹೊಲಿದು ಸ್ವಂತ ದುಡಿಮೆ ಮಾಡುತ್ತಿದ್ದವಳು, ಮನೆಯಲ್ಲಿ ತನ್ನದೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದವಳು, ಮಕ್ಕಳಿಲ್ಲದವಳು. ಗಂಡ, ನೆಂಟರೆಲ್ಲ ಸೇರಿ ಬೇರು ಕುಡಿಸಿ, ಬೆಂಕಿಯ ಬಳಿ ಹಿಡಿದು, 'ನೀನು ಬ್ರಿಜೆಟ್ ಹೌದೋ ಅಲ್ಲವೋ' ಎಂದು ಮತ್ತೆ ಮತ್ತೆ ಕೇಳಿದರು. ಕೊನೆಗೆ ಗಂಡ ಅವಳನ್ನು ಸುಟ್ಟ. ಸುಟ್ಟದ್ದು ಫೇರಿಯನ್ನು, ತನ್ನ ಹೆಂಡತಿ ಬಿಳಿ ಕುದುರೆಯೇರಿ ಬರುತ್ತಾಳೆ ಎಂದು ಕಾದ. ನ್ಯಾಯಾಲಯ ಅವನಿಗೆ 20 ವರ್ಷ ಶಿಕ್ಷೆ ಕೊಟ್ಟಿತು; 1910ರಲ್ಲಿ ಬಿಡುಗಡೆಯಾಯಿತು. ಬಾಣಂತಿಗೆ ಗಾಳಿ ಸೋಕಿದೆ ಎಂದು ಬೇವಿನ ಸೊಪ್ಪಿನಲ್ಲಿ ಬಡಿದು, ಮೆಣಸಿನಕಾಯಿ ಹೊಗೆ ಹಾಕಿದ ಸುದ್ದಿಗಳನ್ನು ಕೇಳಿ ಬೆಳೆದ ನಮಗೆ ಇದು ದೂರದ ದೇಶದ ಕಥೆ ಎನಿಸುವುದಿಲ್ಲ. 'ನೀನು ಯಾರು, ಹೇಳು' ಎಂಬ ಪ್ರಶ್ನೆಯೂ ನಮಗೆ ಗೊತ್ತಿದೆ.

ಈಗ ಟೈಟಾನಿಯಾಳ ಜಗಳಕ್ಕೆ ಮರಳೋಣ. ಗಂಡಹೆಂಡಿರ ಜಗಳ ಯಾತಕ್ಕೆ? ಒಂದು ಹುಡುಗನಿಗಾಗಿ. ಆ ಹುಡುಗ ಹಿಂದೂಸ್ತಾನದವನು! ಅವನ ತಾಯಿ ಟೈಟಾನಿಯಾಳ ಸೇವೆಗೆ ವ್ರತ ತೊಟ್ಟವಳು, ಗೆಳತಿಯಂತೆ ಇದ್ದವಳು. ಬಸುರಿಯಾಗಿದ್ದಾಗ ರಾಣಿಯ ಜೊತೆ ಕಡಲ ದಂಡೆಯಲ್ಲಿ ಕುಳಿತು, ಗಾಳಿ ತುಂಬಿದ ಹಡಗಿನ ಹಾಯಿಯನ್ನು ತನ್ನ ಹೊಟ್ಟೆಗೆ ಹೋಲಿಸಿ ನಗುತ್ತಿದ್ದವಳು. ಮನುಷ್ಯ ಜನ್ಮದವಳಾದ್ದರಿಂದ ಹೆರಿಗೆಯಲ್ಲಿ ಸತ್ತಳು. ಅವಳಿಗಾಗಿ ನಾನು ಈ ಕೂಸನ್ನು ಸಾಕುತ್ತಿದ್ದೇನೆ, ಫೇರಿಲೋಕವನ್ನೇ ಕೊಟ್ಟರೂ ಬಿಟ್ಟುಕೊಡೆ ಎನ್ನುತ್ತಾಳೆ ಟೈಟಾನಿಯಾ. ಓಬೆರಾನನಿಗೆ ಹುಡುಗ ತನ್ನ ಪರಿವಾರಕ್ಕೆ ಬೇಕು. ಅವಳ ಕಣ್ಣಿಗೆ ಹೂವಿನ ರಸ ಹಿಂಡಿ, ಕತ್ತೆಯ ತಲೆಯ ನೇಕಾರನೊಬ್ಬನಿಗೆ ಮರುಳಾಗುವಂತೆ ಮಾಡಿ, ಆ ಮರುಳಿನಲ್ಲಿ ಹುಡುಗನನ್ನು ಕೇಳಿ ಪಡೆದುಕೊಳ್ಳುತ್ತಾನೆ. ಆಮೇಲೆ ರಾಜಿಯಾಗುತ್ತದೆ. ಹುಡುಗ ಏನಾದ ಎಂದು ಅವಳು ಮತ್ತೆ ಕೇಳುವುದಿಲ್ಲ, ನಾಟಕಕಾರ ಕೇಳಿಸುವುದಿಲ್ಲ. ಹುಡುಗನಿಗೆ ಮಾತಿಲ್ಲ, ಹೆಸರೂ ಇಲ್ಲ.

ಗೆಳತಿಯ ಕೂಸನ್ನು ಎದೆಗವಚಿಕೊಂಡ ಹೆಂಗಸು, ಮೋಸದಿಂದ ಅದನ್ನು ಕಿತ್ತುಕೊಂಡ ಗಂಡ. ಈ ಕಥೆಯನ್ನು ನಮ್ಮಲ್ಲಿ ಬೀಸುವಾಗಲೋ ಕುಟ್ಟುವಾಗಲೋ ಹಾಡಿದ್ದರೆ ಆ ಸತ್ತ ತಾಯಿಯ ಮೇಲೆ, ಆ ಕೂಸಿನ ಮೇಲೆ ಎಷ್ಟು ನುಡಿ ಹುಟ್ಟುತ್ತಿದ್ದವೋ. ಆದರೆ ಲ್ಯಾಂಡ್‌ಸಿಯರ್ ಎಂಬ ಪ್ರಸಿದ್ಧ ಚಿತ್ರಕಾರ 1851ರಲ್ಲಿ ಬರೆದದ್ದು ಕತ್ತೆಯ ತಲೆಗೆ ಒರಗಿದ ಟೈಟಾನಿಯಾಳನ್ನು. ಪೇಟನ್ ಜಗಳವನ್ನು ಬರೆದ, ರಾಜಿಯನ್ನೂ ಬರೆದ. ಹೆಸರಾದದ್ದು ಅವನ ಫೇರಿಗಳ ಎಣಿಕೆ. ಕಡಲ ದಂಡೆಯಲ್ಲಿ ನಗುತ್ತ ಕುಳಿತ ಬಸುರಿಯನ್ನು ಯಾರಾದರೂ ಪ್ರೀತಿಯಿಂದ ಬರೆದಿದ್ದರೆ ಫೇರಿ ಚಿತ್ರಗಳಲ್ಲೆಲ್ಲ ಅದೇ ನನಗೆ ಮೆಚ್ಚಾಗುತ್ತಿತ್ತು.

ನಮ್ಮ ಸೀಮೆಯಲ್ಲಿ ಆಗ ದೇವಲೋಕದವರನ್ನು ಹೇಗೆ ಬರೆಯುತ್ತಿದ್ದರು ಎಂದು ತಿಳಿಯಬೇಕಾದರೆ ಹಂಪಿಗೆ ಹೋಗಿ ವಿರೂಪಾಕ್ಷನ ಗುಡಿಯ ರಂಗಮಂಟಪದಲ್ಲಿ ಕತ್ತೆತ್ತಿ ನಿಲ್ಲಬೇಕು. ಚಾವಣಿಯ ತುಂಬ ಚಿತ್ರಗಳು. ಪಲ್ಲಕ್ಕಿಯಲ್ಲಿ ವಿದ್ಯಾರಣ್ಯರು, ಮತ್ಸ್ಯಯಂತ್ರಕ್ಕೆ ಗುರಿ ಇಟ್ಟ ಅರ್ಜುನ, ತಪಸ್ಸಿಗೆ ಕುಳಿತ ಶಿವನ ಮೇಲೆ ಹೂಬಾಣ ಬಿಡುವ ಮನ್ಮಥ. ಬಹಳ ಕಾಲ ಇವನ್ನು ವಿಜಯನಗರದ ಅರಸರ ಕಾಲದವೆಂದೇ ಹೇಳುತ್ತಿದ್ದರು. ಈ ಚಿತ್ರಗಳನ್ನು ಸೂಕ್ಷ್ಮವಾಗಿ ಅಭ್ಯಾಸ ಮಾಡಿದ ಅನ್ನಾ ಡಲ್ಲಾಪಿಕೋಲಾ ಎಂಬ ವಿದುಷಿ 19ನೆಯ ಶತಮಾನದ ಆರಂಭದವೆಂದು ವಾದಿಸಿದ್ದಾರೆ. ಅಂದರೆ ವಿಕ್ಟೋರಿಯಾ ಹುಟ್ಟಿದ ಆಸುಪಾಸಿನ ಕಾಲ. ಹೊಳೆಯಾಚೆಯ ಕಿನ್ನಾಳದ ಚಿತ್ರಗಾರರು ಇದು ತಮ್ಮ ಹಿರಿಯರ ಕೈಕೆಲಸ ಎನ್ನುತ್ತಾರೆ. ಕಾಲ ಯಾವುದೇ ಇರಲಿ, ಅಲ್ಲಿ ಮೋಡ, ನೆರಳು, ದೂರ ಇವು ಯಾವುವೂ ಇಲ್ಲ. ಪಕ್ಕಕ್ಕೆ ತಿರುಗಿದ ಮುಖ, ಅಗಲವಾದ ಕಣ್ಣು, ಗಟ್ಟಿ ಗೆರೆ. ದೇವತೆಗೂ ಪಲ್ಲಕ್ಕಿ ಹೊರುವವನಿಗೂ ಒಂದೇ ಕೈಯ ಗೆರೆ. ರೆಕ್ಕೆ ನಮ್ಮಲ್ಲಿ ಗರುಡನಿಗೆ ಉಂಟು, ಅರೆಹಕ್ಕಿಯ ಮೈಯ ಕಿನ್ನರರಿಗೆ ಉಂಟು. ಗಂಧರ್ವ ಅಪ್ಸರೆಯರಿಗೆ ಇಲ್ಲ. ಐಹೊಳೆಯ ಹಾರುವ ಗಂಧರ್ವರನ್ನೇ ನೋಡಿ. ಮೊಣಕಾಲು ಮಡಿಚಿ, ಸೆರಗು ಹಿಂದಕ್ಕೆ ಹಾರಿದರೆ ಸಾಕು, ಅವರು ಗಾಳಿಯಲ್ಲಿದ್ದಾರೆಂದು ನಮಗೆ ತಿಳಿಯುತ್ತದೆ.

ಈ ಗೆರೆಯ ಲೋಕದೊಳಗೆ ಎಣ್ಣೆಬಣ್ಣ ಹಿಡಿದುಕೊಂಡು ಬಂದವರು ರಾಜಾ ರವಿವರ್ಮರು. 1848ರಲ್ಲಿ ತಿರುವಾಂಕೂರಿನ ಕಿಳಿಮಾನೂರಿನಲ್ಲಿ ಹುಟ್ಟಿದವರು. ಯುರೋಪಿನವರಂತೆ ನೆರಳು ಬೆಳಕು ಹಾಕಿ, ನಮ್ಮ ಪುರಾಣದವರಿಗೆ ರಕ್ತಮಾಂಸ ತುಂಬಿದರು. ಕೊನೆಯ ವರ್ಷಗಳಲ್ಲಿ ಮೈಸೂರು ಅರಮನೆಗೂ ಪುರಾಣದ ಚಿತ್ರಗಳನ್ನು ಬರೆದುಕೊಟ್ಟು 1906ರಲ್ಲಿ ತೀರಿಕೊಂಡರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವರ ಚಿತ್ರಗಳನ್ನು ನೋಡಿದವರು ಬಹಳ ಜನ. ಆದರೆ ಅರಮನೆಗೆ ಹೋಗಲಾರದವರ ಮನೆಗೆ ಅವರೇ ಬಂದದ್ದು ಅಚ್ಚಿನ ಮೂಲಕ. 1894ರಲ್ಲಿ ಮುಂಬಯಿಯಲ್ಲಿ ಜರ್ಮನಿಯ ಯಂತ್ರ, ಜರ್ಮನಿಯ ಕೆಲಸಗಾರರನ್ನು ತರಿಸಿ ಮುದ್ರಣಾಲಯ ತೆರೆದರು; ಪ್ಲೇಗು ಬಂದ ಮೇಲೆ ಅದು ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಒಂದರ ಮೇಲೊಂದು ಅಚ್ಚೊತ್ತಿ, ಕೊನೆಗೆ ಮೆರುಗು ಹಚ್ಚಿದರೆ ಎಣ್ಣೆಬಣ್ಣದ ಚಿತ್ರದಂತೆಯೇ ಹೊಳೆಯುತ್ತಿತ್ತು. ಲಕ್ಷ್ಮಿ, ಸರಸ್ವತಿಯರು ದೇವರ ಕೋಣೆಗೆ ಬಂದದ್ದು ಹೀಗೆ. ವ್ಯವಹಾರ ಮಾತ್ರ ರವಿವರ್ಮರ ಕೈಗೆ ಹತ್ತಲಿಲ್ಲ. ಸಾಲವಾಗಿ, ಕೆಲವೇ ವರ್ಷಗಳಲ್ಲಿ ಮುದ್ರಣಾಲಯವನ್ನು ಅಲ್ಲೇ ಇದ್ದ ಜರ್ಮನ್ ತಂತ್ರಜ್ಞನಿಗೆ ಮಾರಿದರು. ಚಿತ್ರಗಳು ಆ ಮೇಲೂ ಅಚ್ಚಾಗುತ್ತಲೇ ಇದ್ದವು.

ಆ ಮುದ್ರಣಾಲಯದಿಂದ ಮೊದಲು ಹೊರಬಂದ ಪಟ ಯಾವುದು ಗೊತ್ತೇ? ಲಕ್ಷ್ಮಿಯಲ್ಲ, ಗಣಪತಿಯೂ ಅಲ್ಲ. 'ಶಕುಂತಲಾ ಜನ್ಮ'. ಅಪ್ಸರೆ ಮೇನಕೆ ಆಗತಾನೆ ಹುಟ್ಟಿದ ಕೂಸನ್ನು ಎತ್ತಿಕೊಂಡು ವಿಶ್ವಾಮಿತ್ರನ ಮುಂದೆ ನಿಂತಿದ್ದಾಳೆ. ಅವನು ಕೈ ಅಡ್ಡ ಹಿಡಿದು ಮುಖ ತಿರುಗಿಸಿದ್ದಾನೆ. ಶುಭಕಾರ್ಯಕ್ಕೆ ಮೊದಲು ಇಂಥ ಚಿತ್ರವನ್ನು ಏಕೆ ಆರಿಸಿಕೊಂಡರೋ. ಬಹುಶಃ ಶಾಕುಂತಲದ ಜನಪ್ರಿಯತೆ ಕಾರಣವಿರಬಹುದು; ನಮ್ಮಲ್ಲೂ ಧಾರವಾಡದಲ್ಲಿ ಚುರಮುರಿ ಶೇಷಗಿರಿರಾಯರು, ಮೈಸೂರಿನಲ್ಲಿ ಬಸವಪ್ಪ ಶಾಸ್ತ್ರಿಗಳು ಅದನ್ನು ಅಷ್ಟು ಹೊತ್ತಿಗಾಗಲೇ ಕನ್ನಡಕ್ಕೆ ತಂದಿದ್ದರು.

ಗಮನಿಸಬೇಕಾದದ್ದು ಇನ್ನೊಂದಿದೆ. ಮಹಾಭಾರತದ ಆದಿಪರ್ವದಲ್ಲಿ ಇಂಥ ದೃಶ್ಯವೇ ಇಲ್ಲ. ಅಲ್ಲಿ ಮೇನಕೆ ಮಾಲಿನೀ ನದಿಯ ದಂಡೆಯಲ್ಲಿ ಹೆತ್ತು, ಕೂಸನ್ನು ಅಲ್ಲಿಯೇ ಬಿಟ್ಟು ಇಂದ್ರನ ಸಭೆಗೆ ಹೊರಟುಹೋಗುತ್ತಾಳೆ. ಶಕುಂತ ಪಕ್ಷಿಗಳು ಕೂಸನ್ನು ಕಾಯುತ್ತವೆ, ಕಣ್ವರು ಎತ್ತಿಕೊಳ್ಳುತ್ತಾರೆ. ತಂದೆಯನ್ನು ಯಾರೂ ಏನೂ ಕೇಳುವುದಿಲ್ಲ. ತಪಸ್ಸು ಕೆಟ್ಟಿತಲ್ಲ ಎಂಬುದೇ ಅವನ ದುಃಖ. ದೋಷವೆಲ್ಲ ಬಂದು ನಿಲ್ಲುವುದು ಬಿಟ್ಟು ಹೋದವಳ ಮೇಲೆ. ಈ ಪಟ ಅವನನ್ನು ಎಳೆತಂದು ಕೂಸಿನ ಎದುರಿಗೆ ನಿಲ್ಲಿಸುತ್ತದೆ. ಚಿತ್ರಕಾರರ ಉದ್ದೇಶ ಏನಿತ್ತೋ ನಾನು ಹೇಳಲಾರೆ, ಪಟವನ್ನು ನೋಡಿದ ಹೆಂಗಸರಿಗೆ ಕಂಡದ್ದೇನು ಎಂಬುದನ್ನು ಮಾತ್ರ ಒಂದು ಮನೆಯ ಮಟ್ಟಿಗೆ ಹೇಳಬಲ್ಲೆ.

ಕಂಪ್ಲಿ ಕಡೆಯ ಮೆಟ್ರಿ ನನ್ನ ತಾಯಿಯ ತವರು. ಅಲ್ಲಿಯ ಮನೆಯ ಪಡಸಾಲೆಯಲ್ಲಿ ಈ ಪಟ ಇತ್ತು. ಯಾರು ತಂದರೋ, ಯಾವ ಜಾತ್ರೆಯಲ್ಲಿ ಕೊಂಡರೋ ಹೇಳುವವರಿರಲಿಲ್ಲ. ಆ ಕಾಲದಲ್ಲಿ ಹಲವು ಕಡೆ ಹೆಂಗಸರು ಇಂಥ ಪಟಗಳನ್ನು ಕಟ್ಟಿನಿಂದ ಬಿಡಿಸಿ, ಸೀರೆ ಒಡವೆಗಳಿದ್ದಲ್ಲಿ ಜರಿ, ಚಮಕಿ, ಮಣಿಗಳನ್ನು ಹೊಲಿದು, ಮತ್ತೆ ಗಾಜು ಹಾಕಿಸುವ ರೂಢಿಯಿತ್ತು. ಕಾಗದ ಹರಿಯದಂತೆ ಹಿಂದೆ ಹಳೆಯ ಧೋತರದ ತುಂಡು ಅಂಟಿಸಿಕೊಂಡರಾಯಿತು. ನಮ್ಮ ಮನೆಯ ಪಟ ಅಲಂಕರಿಸಿದವಳು ನಮ್ಮಜ್ಜಿಯ ತಂಗಿ. ನಾವು ಸಣ್ಣಜ್ಜಿ ಎನ್ನುತ್ತಿದ್ದೆವು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದವಳು. ಹೆಣ್ಣು ಕೂಸು. ತೊಟ್ಟಿಲ ಕಾರ್ಯಕ್ಕೆ ಹೇಳಲು ಹೋದವರಿಗೆ ಗಂಡನ ಮನೆಯವರು ಬಾಗಿಲು ತೆಗೆದು ಕೂಡಿರಿ ಎನ್ನಲಿಲ್ಲ. ಐದನೆಯ ತಿಂಗಳಿಗೆ ಕೂಸಿನ ಸಮೇತ ಬಿಟ್ಟುಬರಲು ಹೋದಾಗಲೂ ಹಾಗೆಯೇ ಆಯಿತು. ಅವಳು ಮತ್ತೆ ಹೋಗಲಿಲ್ಲ. ಕಾರಣ ಏನೆಂದು ದೊಡ್ಡವರು ನಮ್ಮ ಮುಂದೆ ಹೇಳಲಿಲ್ಲ.

ಅವಳ ಸೂಜಿ ಆಡಿದ್ದು ಮೇನಕೆಯ ಸೆರಗಿನಂಚಿಗೆ, ಬಳೆಗೆ, ಮೂಗುಬೊಟ್ಟಿಗೆ. ಎಲ್ಲಕ್ಕಿಂತ ಹೆಚ್ಚಾಗಿ ಕೂಸಿನ ಸುತ್ತ. ಕೂಸಿಗೆ ಕಾಲ್ಗಡಗ, ನಡುವಿಗೆ ಉಡಿದಾರ, ಹಣೆಗೆ ಒಂದು ಕೆಂಪು ಮಣಿ. ಋಷಿಯ ಮೈಮೇಲೆ ಒಂದೇ ಒಂದು ಚಮಕಿ ಇಲ್ಲ. ಮಕ್ಕಳಾಗಿದ್ದಾಗ ನಾವೇ ಕೇಳಿದ್ದೆವು: "ಸಣ್ಣಜ್ಜಿ, ಮುನಿಗ್ಯಾಕ ಏನೂ ಹಚ್ಚಿಲ್ಲ?"

"ಕೈ ಅಡ್ಡ ಹಿಡಿದಾನಲ್ಲವ್ವಾ, ಎಲ್ಲಿ ಹಚ್ಚಲಿ?" ಎಂದಿದ್ದಳು.

ಆ ಪಟದ ಬಗೆಗೆ ಮನೆಯಲ್ಲಿ ಎರಡು ಮಾತಿತ್ತು. ಯಾರಿಗಾದರೂ ಕುಬಸ ಎಂದರೆ, ಯಾರಾದರೂ ಹೆರಿಗೆಗೆ ಬಂದರೆ ಹಿರಿಯರು ಅದನ್ನು ಇಳಿಸಿ ಅಟ್ಟಕ್ಕೆ ಹಾಕಿಸುತ್ತಿದ್ದರು. ತಾಯಿ ಬಿಟ್ಟು ಹೋದ ಕೂಸಿನ ಪಟ, ಬಸುರಿ ಬಾಣಂತಿಯರ ಕಣ್ಣಿಗೆ ಬೀಳಬಾರದು ಎಂಬುದು ಅವರ ವಾದ. ಸಣ್ಣಜ್ಜಿ ಎದುರಾಡುತ್ತಿರಲಿಲ್ಲ. ತೊಟ್ಟಿಲು ಹಾಕಿದ ಮರುದಿನ ತಾನೇ ಏಣಿ ಹತ್ತಿ ಇಳಿಸಿ, ಗಾಜು ಒರೆಸಿ, ಮೊದಲಿನ ಜಾಗಕ್ಕೇ ತೂಗುಹಾಕುತ್ತಿದ್ದಳು. ಎಷ್ಟು ಸಲ ಹೀಗೆ ಹತ್ತಿ ಇಳಿದಳೋ, ಆ ಮನೆಯಲ್ಲಿ ಹುಟ್ಟಿದ ಮಕ್ಕಳನ್ನು ಎಣಿಸಿದರೆ ಲೆಕ್ಕ ಸಿಕ್ಕೀತು.

ಹೆಣ್ಣುಮಕ್ಕಳು ಸೂಜಿ ಕತ್ತರಿ ಹಿಡಿದು ದೇವಲೋಕದವರನ್ನು ತಮಗೆ ಬೇಕಾದಂತೆ ಮಾಡಿಕೊಂಡದ್ದು ಇಂಗ್ಲೆಂಡಿನಲ್ಲೂ ನಡೆದಿದೆ, ಅದು ಸ್ವಲ್ಪ ತಮಾಷೆಯ ಪ್ರಸಂಗ. ರಾಣಿ ಸತ್ತು 16 ವರ್ಷವಾದ ಮೇಲೆ, 1917ರಲ್ಲಿ, ಕಾಟಿಂಗ್ಲಿ ಎಂಬ ಹಳ್ಳಿಯ ಎಲ್ಸಿ, ಫ್ರಾನ್ಸಿಸ್ ಎಂಬ ಇಬ್ಬರು ಹುಡುಗಿಯರು ಫೇರಿಗಳ ಜೊತೆ ಫೋಟೊ ತೆಗೆದುಕೊಂಡರು. ಒಬ್ಬಳಿಗೆ 16, ಇನ್ನೊಬ್ಬಳಿಗೆ 9. ಷೆರ್ಲಾಕ್ ಹೋಮ್ಸ್ ಎಂಬ ಮಹಾ ಪತ್ತೇದಾರನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ಆ ಫೋಟೊಗಳನ್ನು ನಿಜವೆಂದು ನಂಬಿ 1920ರಲ್ಲಿ ಪತ್ರಿಕೆಯಲ್ಲಿ ಲೇಖನ ಬರೆದ. ಪಾಪ, ಅವನ ತಂದೆ ಚಾರ್ಲ್ಸ್, ದೊಡ್ಡಪ್ಪ ರಿಚರ್ಡ್ ಇಬ್ಬರೂ ಫೇರಿ ಚಿತ್ರ ಬರೆದವರೇ, ಮನೆತನದ ಗೀಳು. 1983ರಲ್ಲಿ, ಮುದುಕಿಯರಾದ ಮೇಲೆ, ಇಬ್ಬರೂ ಗುಟ್ಟು ಬಿಟ್ಟುಕೊಟ್ಟರು. ಮಕ್ಕಳ ಪುಸ್ತಕವೊಂದರ ಚಿತ್ರ ನೋಡಿ ಬರೆದು, ಕತ್ತರಿಸಿ, ಟೋಪಿಯ ಪಿನ್ನು ಚುಚ್ಚಿ ಹುಲ್ಲಿನ ಮೇಲೆ ನಿಲ್ಲಿಸಿದ್ದಂತೆ. ಗಂಡಸರು ಅಷ್ಟು ಸುಲಭವಾಗಿ ನಂಬುತ್ತಾರೆಂದು ಅವರಿಗೆ ತಿಳಿದಿರಲಿಲ್ಲವಂತೆ.

ಸಣ್ಣಜ್ಜಿಯ ಮಾತಿಗೆ ಬರುತ್ತೇನೆ. ಅವಳಿಗೆ ಓದು ಬರಹ ಅಷ್ಟಕ್ಕಷ್ಟೆ. ಆದರೆ ಶಕುಂತಲೆಯ ಕಥೆಯನ್ನು ಕಂಪನಿ ನಾಟಕದಲ್ಲಿ ನೋಡಿದ್ದಳು. ಅದರಲ್ಲಿ ಒಂದು ದೃಶ್ಯವನ್ನು ಬಿಟ್ಟರೆ ಉಳಿದದ್ದೆಲ್ಲ ಅವಳಿಗೆ ಮರೆತುಹೋಗಿತ್ತು. ಕಾಳಿದಾಸನ ಐದನೆಯ ಅಂಕದ ಕೊನೆ ಅದು. ತುಂಬು ಬಸುರಿ ಶಕುಂತಲೆಯನ್ನು ದುಷ್ಯಂತ ತುಂಬಿದ ಸಭೆಯಲ್ಲಿ ಯಾರೋ ಗೊತ್ತಿಲ್ಲ ಎನ್ನುತ್ತಾನೆ. ಜೊತೆಗೆ ಬಂದ ಆಶ್ರಮದವರು ಗಂಡನ ಮನೆಯಲ್ಲಿ ದಾಸಿಯಾಗಿಯಾದರೂ ಇರು ಎಂದು ಹೇಳಿ ಹೊರಟುಬಿಡುತ್ತಾರೆ. ಹೆರಿಗೆಯಾಗುವ ತನಕ ತನ್ನ ಮನೆಯಲ್ಲಿರಲಿ, ಹುಟ್ಟುವ ಮಗುವಿನ ಲಕ್ಷಣ ನೋಡಿ ತೀರ್ಮಾನಿಸೋಣ ಎನ್ನುತ್ತಾನೆ ಪುರೋಹಿತ. ಭೂಮಿಯೇ, ಬಾಯಿ ಬಿಡು ಎಂದು ಅವಳು ಅಳುತ್ತ ನಡೆಯುವಾಗ ಹೆಣ್ಣಿನಾಕಾರದ ಒಂದು ಬೆಳಕು ಬಂದು ಅವಳನ್ನು ಎತ್ತಿಕೊಂಡು ಹೋಗುತ್ತದೆ. ಅದು ಯಾರೆಂದು ಮುಂದೆ ತಿಳಿಯುತ್ತದೆ: ಮೇನಕೆ. ಹೊಳೆಯ ದಂಡೆಯಲ್ಲಿ ಕೂಸನ್ನು ಬಿಟ್ಟು ಹೋದವಳೇ. ಮಗಳನ್ನು ಕಶ್ಯಪರ ಆಶ್ರಮಕ್ಕೆ ಕರೆದೊಯ್ದಳು. ಭರತ ಹುಟ್ಟಿದ್ದು ಅಲ್ಲಿಯೇ.

ಸಣ್ಣಜ್ಜಿಯ ಮಗಳು ಮೆಟ್ರಿಯಲ್ಲೇ ಬೆಳೆದು, ಓದಿ, ಶಾಲೆಯ ಮಾಸ್ತರಿಣಿಯಾದಳು. ತಾಯಿ ತೀರಿಕೊಂಡು ಮನೆ ಪಾಲಾದಾಗ ಅವಳು ಕೇಳಿಕೊಂಡದ್ದು ಆ ಪಟವೊಂದನ್ನೇ. ಮಳವಲಿಯ ಮುದ್ರಣಾಲಯ 1972ರ ಬೆಂಕಿಯಲ್ಲಿ ಸುಟ್ಟಿತು. ಈಗ ಇಂಥ ಹಳೆಯ ಪಟಗಳನ್ನು ಹುಡುಕಿಕೊಂಡು ಬಂದು ದುಬಾರಿ ಬೆಲೆಗೆ ಕೊಳ್ಳುವವರಿದ್ದಾರೆ. ನಮ್ಮ ಪಟ ಹೊಸಪೇಟೆಯಲ್ಲಿ ಆ ಮಗಳ ಮೊಮ್ಮಗಳ ಮನೆಯಲ್ಲಿದೆ. ಬಣ್ಣ ಕಂದಿ, ಋಷಿಯ ಮುಖದ ಹತ್ತಿರ ಹುಳ ತಿಂದಿದೆ. ಹೋದ ವರ್ಷ ಅವಳು ಹೊಸ ಕಟ್ಟು ಹಾಕಿಸಲು ಒಯ್ದಾಗ, ಈ ಚಮಕಿ ಮಣಿಗಳನ್ನೆಲ್ಲ ಕಿತ್ತು ಸ್ವಚ್ಛ ಮಾಡಿಕೊಟ್ಟರೆ ಮೂಲ ಪಟದಂತಾಗುತ್ತದೆ, ಮಾಡಲೇ ಎಂದು ಅಂಗಡಿಯವನು ಕೇಳಿದನಂತೆ. ಗಾಜು ಮಾತ್ರ ಬದಲಾಯಿಸು ಎಂದು ಹೇಳಿ ಬಂದಳಂತೆ.